ವಿಂಡೋಸ್ 7 ಬಿಡಲಾಗದವರು ಹೊಸ ತಂತ್ರಾಂಶ ಹಾಕಿಕೊಳ್ಳುವುದು ಹೇಗೆ?

ಮಾಟುಂಗದ ಪುಟಕಟ್ಟುವವಳು:

ಎಲ್ಲರಿಗೂ ನಮಸ್ಕಾರ. ಮಾಟುಂಗದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಕೆಲಸ. ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಗೃಹಪ್ರವೇಶದ ಆಮಂತ್ರಣ, ಇಂಥವೇ. ಕಂಪ್ಯೂಟರಿನಲ್ಲಿ ವಿಂಡೋಸ್ 7 ಪ್ರೊಫೆಷನಲ್ ಇದೆ, 32 ಬಿಟ್, 2 ಜಿಬಿ ಮೆಮೊರಿ. ಪುಟ ಕಟ್ಟುವ ಪೇಜ್‌ಮೇಕರ್ 7, ಕನ್ನಡ ಬರೆಯುವ ನುಡಿ ಮತ್ತು ಎ3 ಅಳತೆಯ ಒಂದು ಸ್ಕ್ಯಾನರ್ ಇದಕ್ಕೆ ಜೋಡಿಯಾಗಿವೆ. ಸ್ಕ್ಯಾನರ್ ಮಾಡಿದ ಕಂಪನಿ ವಿಂಡೋಸ್ 7ರ ನಂತರ ಡ್ರೈವರ್ (ಸ್ಕ್ಯಾನರನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಕೊಡುವುದನ್ನೇ ನಿಲ್ಲಿಸಿದೆ. ಹಾಗಾಗಿ ಈ ಕಂಪ್ಯೂಟರನ್ನು ಬಿಡುವಂತಿಲ್ಲ.

ಈಗ ಸಂಘವೊಂದು ತನ್ನ ಹಳೆಯ ಸಂಚಿಕೆಗಳನ್ನೆಲ್ಲ ಡಿಜಿಟಲ್ ಮಾಡಿಕೊಡಿ ಎಂದು ಕೇಳಿದೆ. ಅದಕ್ಕಾಗಿ ಒಂದು ಪಿಡಿಎಫ್ ತಂತ್ರಾಂಶ ಹಾಕಲು ಹೋದರೆ «ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್» ಎಂಬ ಡಿಎಲ್‌ಎಲ್ ಕಡತ (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕಡತ) ಕಾಣೆಯಾಗಿದೆ ಎನ್ನುತ್ತದೆ. ನಮ್ಮ ಪರಿಚಯದ ಹುಡುಗನೊಬ್ಬ ನುಡಿಯಿಂದ ಎಲ್ಲ ಕಡೆ ನಡೆಯುವ ಸಂಕೇತಪದ್ಧತಿಯಾದ ಯೂನಿಕೋಡಿಗೆ ಬದಲಿಸುವ ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದಾನೆ. ಅವನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ, ಇಲ್ಲಿ ಮತ್ತೊಂದು ಡಿಎಲ್‌ಎಲ್ ಇಲ್ಲ ಎಂದು ನಿಲ್ಲುತ್ತದೆ. ಬ್ರೌಸರ್ ಅಂತೂ ಅರ್ಧ ಜಾಲತಾಣಗಳಿಗೆ «ಸುರಕ್ಷಿತವಲ್ಲ» ಎಂದು ಕೆಂಪು ಪರದೆ ತೋರಿಸುತ್ತದೆ.

ಹೊಸದು ಕೊಳ್ಳಿ ಎನ್ನುವವರು ದಯವಿಟ್ಟು ಎ3 ಸ್ಕ್ಯಾನರಿನ ಬೆಲೆಯನ್ನೂ ಸೇರಿಸಿ ಹೇಳಬೇಕು.

ಡೊಂಬಿವಲಿ ಪ್ರಯಾಣಿಕ:

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದೇ ಬೆಂಬಲ ನಿಲ್ಲಿಸಿದೆ. ಹಣ ಕೊಟ್ಟು ಪಡೆಯುವ ವಿಸ್ತರಿತ ಅಪ್‌ಡೇಟ್‌ಗಳೂ 2023ರ ಜನವರಿಯಲ್ಲಿ ಮುಗಿದವು. ಸತ್ತ ವ್ಯವಸ್ಥೆಗೆ ಇನ್ನೂ ಔಷಧ ಹುಡುಕುತ್ತಿದ್ದೀರಿ. ವಿಂಡೋಸ್ 10 ಹಾಕಿಸಿ, ಕಥೆ ಮುಗಿಯಿತು.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ವಿಂಡೋಸ್ 10ರ ಕಥೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಮಹರಾಯರೇ. ವಿಂಡೋಸ್ 11 ಎಂದರೆ ಟಿಪಿಎಂ 2.0 ಎಂಬ ಭದ್ರತೆಯ ಅಂಗ ಬೇಕು, ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಆ ಯಂತ್ರದಲ್ಲಿ ಅದು ಹೊಸ್ತಿಲನ್ನೂ ದಾಟುವುದಿಲ್ಲ. ಅವರು ಕೇಳಿದ್ದು ಇರುವುದರಲ್ಲಿ ಕೆಲಸ ಸಾಗಿಸುವುದು ಹೇಗೆ ಎಂದು. ಅದಕ್ಕೇ ಉತ್ತರ ಹೇಳೋಣ.

ಅಕ್ಕ, ಮೊದಲು ಎರಡು ವಿಷಯ ನೋಡಿ ಹೇಳಿ. «ಕಂಪ್ಯೂಟರ್» ಐಕಾನ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ವಿಂಡೋಸ್ ಹೆಸರಿನ ಕೆಳಗೆ «ಸರ್ವಿಸ್ ಪ್ಯಾಕ್ 1» (ಅಪ್‌ಡೇಟ್‌ಗಳ ದೊಡ್ಡ ಕಟ್ಟು) ಎಂಬ ಸಾಲು ಇದೆಯೇ? ಮತ್ತೆ, ಪರದೆಯ ಮೂಲೆಯಲ್ಲಿ ದಿನಾಂಕ ಸರಿಯಾಗಿದೆಯೇ? ಗಂಟೆ ಮಾತ್ರ ನೋಡಿದರೆ ಸಾಲದು, ವರ್ಷವನ್ನೂ ನೋಡಿ.

ಮಾಟುಂಗದ ಪುಟಕಟ್ಟುವವಳು:

ಸರ್ವಿಸ್ ಪ್ಯಾಕ್ ಎಂಬ ಸಾಲು ಎಲ್ಲಿಯೂ ಇಲ್ಲ. ದಿನಾಂಕದ ವಿಷಯ ಹೇಗೆ ಗೊತ್ತಾಯಿತು ನಿಮಗೆ? ಪ್ರತಿ ಬೆಳಿಗ್ಗೆ 2009 ಎಂದು ತೋರಿಸುತ್ತದೆ. ಕೆಲಸಕ್ಕೆ ಅಡ್ಡಿಯಿಲ್ಲವೆಂದು ಸುಮ್ಮನೆ ಬಿಟ್ಟಿದ್ದೇವೆ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ಅಡ್ಡಿ ಇದೆ. ಕೆಂಪು ಪರದೆಯ ಅರ್ಧ ಪಾಲು ಅದರದ್ದೇ. ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಆರಂಭದ ದಿನಾಂಕ ಮತ್ತು ಮುಕ್ತಾಯದ ದಿನಾಂಕ ಎರಡೂ ಇರುತ್ತವೆ. ನಿಮ್ಮ ಕಂಪ್ಯೂಟರ್ 2009ರಲ್ಲಿ ಕುಳಿತಿದ್ದರೆ ಇಂದಿನ ಪ್ರಮಾಣಪತ್ರಗಳೆಲ್ಲ ಅದರ ಪಾಲಿಗೆ ಇನ್ನೂ ಜಾರಿಗೆ ಬಂದಿಲ್ಲ. ತಂತ್ರಾಂಶದ ಮೇಲಿರುವ ಡಿಜಿಟಲ್ ಸಹಿಯನ್ನು ತಾಳೆ ನೋಡುವಾಗಲೂ ಇದೇ ಗೋಳು. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಕೈಗಡಿಯಾರ ರಿಪೇರಿಯ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು ಅದನ್ನು ಬದಲಿಸಿ, ಕಂಪ್ಯೂಟರ್ ಶುರುವಾಗುವಾಗ ಸಿಗುವ ಬಯಾಸ್ ಎಂಬ ಮೂಲ ಸೆಟ್ಟಿಂಗ್ ಪುಟದಲ್ಲಿ ದಿನಾಂಕ ಸರಿಪಡಿಸಿ, ಆಮೇಲೆ ಮುಂದಿನ ಮಾತು.

ಅಪ್‌ಡೇಟ್‌ಗಳು. ಇವುಗಳಿಗೆ ಒಂದು ಸರದಿ ಇದೆ. ಸರದಿ ತಪ್ಪಿಸಿದರೆ «ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ» ಎಂಬ ಸಂದೇಶ ಬರುತ್ತದೆ. ಜನ ಅದನ್ನು ಓದಿ ಕೈಬಿಡುತ್ತಾರೆ. ಆ ಸಂದೇಶಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: 32 ಬಿಟ್ ಬದಲು 64 ಬಿಟ್ ಕಡತ ತಂದಿರುತ್ತೀರಿ, ಅದು ಈಗಾಗಲೇ ಒಳಗಿರುತ್ತದೆ, ಇಲ್ಲವೇ ಅದಕ್ಕಿಂತ ಮೊದಲು ಬರಬೇಕಾದದ್ದು ಬಂದಿರುವುದಿಲ್ಲ.

ಮೊದಲನೆಯದು ಸರ್ವಿಸ್ ಪ್ಯಾಕ್ 1, ಕೆಬಿ 976932 (ಕೆಬಿ ಎಂಬುದು ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಕೊಡುವ ಸಂಖ್ಯೆ). ಇದು 2011ರದ್ದು. ಇದಿಲ್ಲದೆ ಮುಂದಿನ ಯಾವುದೂ ನಡೆಯುವುದಿಲ್ಲ. ನಂತರ ಕೆಬಿ 4490628. ಇದು ಅಪ್‌ಡೇಟ್ ಹಾಕುವ ಯಂತ್ರಾಂಗವನ್ನೇ ದುರಸ್ತಿ ಮಾಡುತ್ತದೆ. ಅದರ ಮೇಲೆ ಕೆಬಿ 4474419. ಇದು ಬಹಳ ಮುಖ್ಯ. ಹಿಂದೆ ತಂತ್ರಾಂಶಗಳಿಗೆ ಎಸ್‌ಎಚ್‌ಎ-1 ಎಂಬ ವಿಧಾನದಲ್ಲಿ ಸಹಿ ಹಾಕುತ್ತಿದ್ದರು. ಅದು ದುರ್ಬಲವೆಂದು ಎಲ್ಲರೂ ಎಸ್‌ಎಚ್‌ಎ-2ಕ್ಕೆ ಬಂದರು. ಹಳೆಯ ವಿಂಡೋಸ್ 7ಕ್ಕೆ ಈ ಹೊಸ ಸಹಿಯನ್ನು ಪೂರ್ತಿ ಓದಲು ಬರುವುದಿಲ್ಲ. ಡ್ರೈವರ್ ಹಾಕಿದರೆ «ಸಹಿ ಪರಿಶೀಲಿಸಲಾಗಲಿಲ್ಲ», ವಿಂಡೋಸ್ ಅಪ್‌ಡೇಟ್ ಒತ್ತಿದರೆ ಸುಮ್ಮನೆ ದೋಷಸಂಖ್ಯೆ. ಈ ಒಂದು ಪ್ಯಾಚ್ ಹಾಕಿದ ಮೇಲೆ ನಿಮ್ಮ ಯಂತ್ರ ಅರ್ಧ ಬದುಕಿದಂತೆ. ಪ್ರತಿ ಹಂತದ ನಂತರ ರೀಸ್ಟಾರ್ಟ್ ಮಾಡಬೇಕು, ಸೋಮಾರಿತನ ಬೇಡ.

ಇವೆಲ್ಲ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಯಂತ್ರದ ಹಳೆಯ ಎಕ್ಸ್‌ಪ್ಲೋರರಿನಲ್ಲಿ ಆ ತಾಣವೇ ತೆರೆಯಲಿಕ್ಕಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ತನ್ನಿ. ಕಡತದ ಹೆಸರಿನಲ್ಲಿ «ಎಕ್ಸ್86» ಎಂದಿರುವುದು ನಿಮ್ಮ 32 ಬಿಟ್‌ಗೆ, «ಎಕ್ಸ್64» ಎಂದಿರುವುದು 64 ಬಿಟ್‌ಗೆ. 86 ದೊಡ್ಡ ಸಂಖ್ಯೆ, ಅದೇ ಹೊಸದು ಎಂದುಕೊಳ್ಳುವ ಗಿರಾಕಿಗಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಕೋಥ್ರುಡ್ ಮೇಷ್ಟ್ರು:

ಇಷ್ಟೆಲ್ಲ ಏಕೆ? ಸೆಟಪ್ ಕಡತದ ಮೇಲೆ ಬಲಗುಂಡಿ ಒತ್ತಿ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಬೇರೆ ವಿಂಡೋಸ್ ಆರಿಸಿದರೆ ಆಗುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದ.

ಪುಣೆಯ ಕೋಡುಗಾರ:

ಮೇಷ್ಟ್ರೇ, ಅದು ಇರುವುದು ತಿರುಗುಮುರುಗಾದ ಕೆಲಸಕ್ಕೆ. ಹಳೆಯ ತಂತ್ರಾಂಶವನ್ನು ಹೊಸ ವಿಂಡೋಸ್‌ನಲ್ಲಿ ಓಡಿಸುವಾಗ ಅದು ನೆರವಾಗುತ್ತದೆ. ಹೊಸ ತಂತ್ರಾಂಶವನ್ನು ಹಳೆಯ ವಿಂಡೋಸ್‌ನಲ್ಲಿ ಓಡಿಸಲು ಹೊರಟವರಿಗೆ ಅದರಿಂದ ಏನೂ ಸಿಗುವುದಿಲ್ಲ. ವಿಂಡೋಸ್ 7ರ ಆ ಪಟ್ಟಿಯಲ್ಲಿ ಅದಕ್ಕಿಂತ ಹೊಸ ಆವೃತ್ತಿಯ ಹೆಸರು ಇರುವುದಿಲ್ಲ, ಗಮನಿಸಿ. ಇಲ್ಲದ ಸೌಲಭ್ಯವನ್ನು ಅದು ಹುಟ್ಟಿಸಿಕೊಡಲಾರದು.

ದೋಷಸಂದೇಶವನ್ನು ಪೂರ್ತಿ ಓದುವುದೇ ಇಲ್ಲಿ ಅರ್ಧ ವಿದ್ಯೆ. ಮೂರು ಬಗೆಯ ಸಂದೇಶಗಳು ಬರುತ್ತವೆ, ಮೂರಕ್ಕೂ ಮದ್ದು ಬೇರೆ.

«ಇದು ಮಾನ್ಯವಾದ ವಿನ್32 ಅಪ್ಲಿಕೇಶನ್ ಅಲ್ಲ» ಎಂದು ಬಂದರೆ ಬಹುತೇಕ 64 ಬಿಟ್ ಕಡತವನ್ನು 32 ಬಿಟ್ ಯಂತ್ರದಲ್ಲಿ ತೆರೆದಿದ್ದೀರಿ, ಇಲ್ಲವೇ ಕಡತ ಅರ್ಧ ಮಾತ್ರ ಇಳಿದಿದೆ. ಇನ್ನೂ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ಮೂರನೆಯ ಕಾರಣವೂ ಇದೆ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮ್ ಕಟ್ಟುವ ಸಾಧನವಾದ ವಿಷುಯಲ್ ಸ್ಟುಡಿಯೋ 2012 ಬಂದ ಮೇಲೆ ಪ್ರೋಗ್ರಾಮ್ ಕಟ್ಟುವಾಗ ಎಕ್ಸ್‌ಪಿಗೆಂದು ವಿಶೇಷವಾಗಿ ಹೇಳದಿದ್ದರೆ ಕಡತದ ತಲೆಬರಹದಲ್ಲೇ «ವಿಸ್ಟಾ ಅಥವಾ ನಂತರದ್ದು» ಎಂದು ಬರೆದುಬಿಡುತ್ತದೆ. ಎಕ್ಸ್‌ಪಿ ಅದನ್ನು ನೋಡಿ ಒಳಗೇ ಬಿಡುವುದಿಲ್ಲ.

ಎರಡನೆಯದು «ಪ್ರೊಸೀಜರ್ ಎಂಟ್ರಿ ಪಾಯಿಂಟ್ ಕರ್ನೆಲ್32ರಲ್ಲಿ ಸಿಗಲಿಲ್ಲ» ಎಂಬುದು. ಪ್ರೋಗ್ರಾಮ್ ಕೇಳುತ್ತಿರುವ ಕ್ರಿಯೆಯೇ ನಿಮ್ಮ ವಿಂಡೋಸ್‌ನಲ್ಲಿ ಇಲ್ಲ ಎಂದರ್ಥ. ಉದಾಹರಣೆಗೆ, ಸಮಯವನ್ನು ಅತಿ ಸೂಕ್ಷ್ಮವಾಗಿ ಹೇಳುವ «ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆಸ್‌ಫೈಲ್‌ಟೈಮ್» ಎಂಬ ಕ್ರಿಯೆ ವಿಂಡೋಸ್ 8ರಲ್ಲಿ ಬಂದದ್ದು. 7ರಲ್ಲಿ ಅದನ್ನು ಕರೆದರೆ ಯಾರೂ ಓಗೊಡುವುದಿಲ್ಲ. ಇದಕ್ಕೆ ಮೈಕ್ರೋಸಾಫ್ಟ್‌ನ ಪ್ಯಾಚ್ ಇಲ್ಲ. ಆ ತಂತ್ರಾಂಶದ ಹಿಂದಿನ ಆವೃತ್ತಿ ಹುಡುಕಬೇಕು, ಅಷ್ಟೇ.

ಮೂರನೆಯದು ಡಿಎಲ್‌ಎಲ್ ಕಾಣೆಯಾಗಿದೆ ಎಂಬುದು. ಇದರಲ್ಲಿ ಕೆಲವನ್ನು ಸರಿಪಡಿಸಬಹುದು, ಕೆಲವನ್ನು ಆಗದು. ಅಕ್ಕ, ಆ ಹುಡುಗನ ಪ್ರೋಗ್ರಾಮ್ ಕೇಳುವ ಡಿಎಲ್‌ಎಲ್ ಹೆಸರು ಪೂರ್ತಿ ಬರೆಯಿರಿ. ಅಲ್ಲೇ ಗುಟ್ಟಿರುವಂತಿದೆ.

ಮಾಟುಂಗದ ಪುಟಕಟ್ಟುವವಳು:

«ಎಪಿಐ-ಎಂಎಸ್-ವಿನ್-ಕೋರ್-ಪಾಥ್-ಎಲ್1-1-0». ಎರಡೂ ಒಂದೇ ಬಗೆಯದು ಎಂದುಕೊಂಡೆವು, ಆರಂಭ ಒಂದೇ ಇದೆಯಲ್ಲ.

ಪುಣೆಯ ಕೋಡುಗಾರ:

ಆರಂಭ ಒಂದೇ, ಗೋತ್ರ ಬೇರೆ. ಪಿಡಿಎಫ್ ತಂತ್ರಾಂಶದ್ದು «ಸಿಆರ್‌ಟಿ» ವರ್ಗದ್ದು. ವಿಷುಯಲ್ ಸ್ಟುಡಿಯೋ 2015 ಅಥವಾ ಅದರ ನಂತರದ್ದರಲ್ಲಿ ಕಟ್ಟಿದ ಪ್ರೋಗ್ರಾಮ್‌ಗಳಿಗೆ ಯೂನಿವರ್ಸಲ್ ಸಿ ರನ್‌ಟೈಮ್ (ಸಿಆರ್‌ಟಿ) ಎಂಬ ಸಹಾಯಕ ಕಡತಗಳ ಗುಂಪು ಬೇಕು. ವಿಂಡೋಸ್ 10ರಲ್ಲಿ ಅದು ಹುಟ್ಟಿನಿಂದಲೇ ಇದೆ. 7ರಲ್ಲಿ ಕೆಬಿ 2999226 ಎಂಬ ಅಪ್‌ಡೇಟ್ ಆಗಿ ಹಾಕಬೇಕು, ಅಥವಾ ವಿಷುಯಲ್ ಸಿ++ 2015ರ ರೀಡಿಸ್ಟ್ರಿಬ್ಯೂಟಬಲ್ ಎಂಬ ಉಚಿತ ಕಟ್ಟು ಹಾಕಿದರೆ ಅದರ ಜೊತೆಗೇ ಬರುತ್ತದೆ. ಸರ್ವಿಸ್ ಪ್ಯಾಕ್ 1 ಇಲ್ಲದ ಯಂತ್ರದಲ್ಲಿ ಈ ರೀಡಿಸ್ಟ್ರಿಬ್ಯೂಟಬಲ್ 0ಎಕ್ಸ್80240017 ಎಂಬ ದೋಷ ಕೊಟ್ಟು ನಿಲ್ಲುತ್ತದೆ. ಸರದಿಯ ಮಾತು ಇಲ್ಲಿಗೂ ಬಂತು ನೋಡಿ.

«ಕೋರ್-ಪಾಥ್» ಎಂಬುದು ಹಾಗಲ್ಲ. ಅದು ವಿಂಡೋಸ್ 8ರಿಂದ ಈಚೆಗೆ ವ್ಯವಸ್ಥೆಯ ಒಡಲಲ್ಲೇ ಇರುವ ಅಂಗ. ಅದನ್ನು ಕೇಳುತ್ತಿದೆ ಎಂದರೆ ನಿಮ್ಮ ಹುಡುಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.9 ಅಥವಾ ಅದರ ಮೇಲಿನದರಲ್ಲಿ ಬರೆದು ಒಂದೇ ಕಡತವಾಗಿ ಕಟ್ಟಿಕೊಟ್ಟಿರಬೇಕು. ವಿಂಡೋಸ್ 7ಕ್ಕೆ ಬೆಂಬಲವಿದ್ದ ಕೊನೆಯ ಪೈಥಾನ್ 3.8. ಅವನು ಒಂದು ಸಾಲನ್ನೂ ಬದಲಿಸಬೇಕಾಗಿಲ್ಲದಿರಬಹುದು. 32 ಬಿಟ್‌ನ ಪೈಥಾನ್ 3.8 ಹಾಕಿಕೊಂಡು ಪೈಇನ್‌ಸ್ಟಾಲರ್ ಎಂಬ ಕಟ್ಟುವ ಸಾಧನದಲ್ಲಿ ಮತ್ತೆ ಕಟ್ಟಿಕೊಡಲಿ. 64 ಬಿಟ್‌ನಲ್ಲಿ ಕಟ್ಟಿದ್ದು ನಿಮ್ಮಲ್ಲಿ ಓಡುವುದಿಲ್ಲ, ಅದನ್ನು ಒತ್ತಿ ಹೇಳಿ.

ಇನ್ನೊಂದು ಮಾತು. ಡಿಎಲ್‌ಎಲ್ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಅದೊಂದನ್ನೇ ಇಳಿಸಿಕೊಡುವ ತಾಣಗಳಿಂದ ತಂದು ಸಿಸ್ಟಮ್32ರಲ್ಲಿ ಹಾಕುವ ಚಾಳಿ ನಮ್ಮಲ್ಲಿ ತುಂಬ ಇದೆ. ಬೇಡ. ಸಿಆರ್‌ಟಿ ಎಂಬುದು ಒಂದು ಕಡತವಲ್ಲ, ದೊಡ್ಡ ಗುಂಪು. ಒಂದನ್ನು ತಂದರೆ ಮತ್ತೊಂದನ್ನು ಕೇಳುತ್ತದೆ. ಆ ಕಡತದೊಳಗೆ ಯಾರು ಏನು ತುಂಬಿದ್ದಾರೆ ಎಂದು ನೋಡಿದವರು ಯಾರು?

ಡೊಂಬಿವಲಿ ಪ್ರಯಾಣಿಕ:

ಸರಿ, ಕೆಲವೊಮ್ಮೆ ಸೆಟಪ್ ಮಾತ್ರ «ವಿಂಡೋಸ್ 10 ಬೇಕು» ಎಂದು ತಡೆಯುತ್ತದೆ, ಒಳಗಿನ ಪ್ರೋಗ್ರಾಮ್ ಓಡುತ್ತದೆ ಎಂದು ಓದಿದ್ದೆ. ನಿಜವೇ?

ಪುಣೆಯ ಕೋಡುಗಾರ:

ನಿಜ. ಎಂಎಸ್‌ಐ ಎಂಬ ಬಗೆಯ ಸೆಟಪ್ ಕಡತಗಳಲ್ಲಿ ಆವೃತ್ತಿ ತಪಾಸಣೆಯ ಒಂದು ಷರತ್ತನ್ನು ಬರೆದಿಟ್ಟಿರುತ್ತಾರೆ. 601 ಎಂದರೆ ವಿಂಡೋಸ್ 7, 603 ಎಂದರೆ 8.1. ತಯಾರಕರು ಪರೀಕ್ಷಿಸುವ ಗೋಜು ಬೇಡವೆಂದು ಹಳೆಯದನ್ನು ಬಾಗಿಲಲ್ಲೇ ತಡೆದಿರಬಹುದು. ಅಂಥ ತಂತ್ರಾಂಶದ, ಸೆಟಪ್ ಬೇಡದ ಪೋರ್ಟಬಲ್ ಜಿಪ್ ಆವೃತ್ತಿ ಸಿಕ್ಕರೆ ಬಿಚ್ಚಿ ನೇರವಾಗಿ ಓಡಿಸಿ ನೋಡಬಹುದು. ಓಡಿದರೆ ನಿಮ್ಮ ಅದೃಷ್ಟ, ಮಧ್ಯದಲ್ಲಿ ಬಿದ್ದರೆ ಕೇಳುವವರಿಲ್ಲ. ದುಡ್ಡಿನ ಲೆಕ್ಕ ಬರೆಯುವ ತಂತ್ರಾಂಶದಲ್ಲಿ ಈ ಸಾಹಸ ಬೇಡ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ಬ್ರೌಸರ್ ವಿಷಯ ಉಳಿಯಿತು. ಕ್ರೋಮ್‌ನ 109ನೆಯ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದು, 2023ರ ಆರಂಭದ್ದು. ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್ (ದೀರ್ಘ ಬೆಂಬಲದ) ಶಾಖೆ ಕೊನೆಯದು, ಮೊಜಿಲ್ಲಾ ಅದಕ್ಕೆ ಕ್ರೋಮ್ ಕೈಬಿಟ್ಟ ಮೇಲೂ ಬಹುಕಾಲ ಭದ್ರತೆಯ ತೇಪೆ ಹಾಕುತ್ತಾ ಬಂದಿತು. ನಾನು ಹಳೆಯ ಯಂತ್ರಗಳಿಗೆಲ್ಲ ಫೈರ್‌ಫಾಕ್ಸನ್ನೇ ಹಾಕುತ್ತೇನೆ. ಕಾರಣ, ಅದು ತನ್ನ ಪ್ರಮಾಣಪತ್ರಗಳ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ವಿಂಡೋಸ್‌ನ ಹಳೆಯ ಪಟ್ಟಿಯನ್ನು ನೆಚ್ಚಿ ಕೂರುವುದಿಲ್ಲ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯನ್ನು ಬಳಸುವ ತಾಣಗಳು ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದು 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪ್‌ಡೇಟ್ ಕಾಣದ ಎಷ್ಟೋ ಯಂತ್ರಗಳಲ್ಲಿ ಆ ದಿನದಿಂದ ತಾಣಗಳು ತೆರೆಯದಾದವು. ಅಂಗಡಿಗೆ ಬಂದವರೆಲ್ಲ ವೈರಸ್ ಬಂದಿದೆ ಎನ್ನುತ್ತಿದ್ದರು.

ಹಾಗೆಯೇ ಕೆಲವು ತಂತ್ರಾಂಶಗಳು ಓಡಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಎಂಬ ಆಧಾರ ತಂತ್ರಾಂಶ ಕೇಳುತ್ತವೆ. ವಿಂಡೋಸ್ 7ಕ್ಕೆ ಸಿಗುವ ಕೊನೆಯ ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಇಂಟರ್‌ನೆಟ್ ಇಲ್ಲದ ಯಂತ್ರದಲ್ಲಿ ಅದರ ಪೂರ್ಣ ಕಡತ ಹಾಕಿದಾಗ «ಪ್ರಮಾಣಪತ್ರದ ಸರಪಳಿ ಕಟ್ಟಲಾಗಲಿಲ್ಲ» ಎಂದು ನಿಂತರೆ, ಮೈಕ್ರೋಸಾಫ್ಟ್‌ನ 2011ರ ಮೂಲ ಪ್ರಮಾಣಪತ್ರವನ್ನು ಮೊದಲು ಆಮದು ಮಾಡಿಕೊಳ್ಳಬೇಕು.

ಕೋಥ್ರುಡ್ ಮೇಷ್ಟ್ರು:

ನನ್ನಲ್ಲಿ ಇನ್ನೂ ಹಳೆಯದಿದೆ, ಎಕ್ಸ್‌ಪಿ. ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತೇನೆ, ಪಾಠದ ಹಾಳೆ ಮಾಡಲು ಅದೇ ಸಾಕು. ಆದರೆ ಇಂಟರ್‌ನೆಟ್‌ನಿಂದ ತಂದ ಕನ್ನಡ ಅದರಲ್ಲಿ ಒಡೆದು ಕಾಣುತ್ತದೆ. ಒತ್ತಕ್ಷರ ಪಕ್ಕದಲ್ಲೇ ಬಿದ್ದುಕೊಂಡಿರುತ್ತದೆ.

ಪುಣೆಯ ಕೋಡುಗಾರ:

ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಬೆಂಬಲ ಇದೆ, ತುಂಗಾ ಎಂಬ ಅಕ್ಷರವಿನ್ಯಾಸವೂ ಅದರೊಂದಿಗೇ ಬಂದಿದೆ. ಆದರೆ ಅದನ್ನು ನಾವೇ ಚಾಲೂ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಎರಡನೆಯ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಹಾಕುವ ಚೌಕಕ್ಕೆ ಗುರುತು ಹಾಕಿ. ಆಗ ಎಕ್ಸ್‌ಪಿಯ ಮೂಲ ಸಿಡಿ ಕೇಳುತ್ತದೆ. ಸಿಡಿ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನಲ್ಲಿ ಐ386 ಎಂಬ ಫೋಲ್ಡರ್ ಇದೆಯೇ ಹುಡುಕಿ, ಅದನ್ನು ತೋರಿಸಿದರೂ ಸಾಕು.

ಬರೆಯುವುದಕ್ಕೆ ಲಿಬ್ರೆಆಫೀಸ್ 5.4 ಹಾಕಿಕೊಳ್ಳಿ. ಎಕ್ಸ್‌ಪಿಗೆ ಅದೇ ಕೊನೆಯದು. 5.3ರಿಂದ ಲಿಬ್ರೆಆಫೀಸ್ ಅಕ್ಷರ ಜೋಡಿಸಲು ತನ್ನೊಂದಿಗೇ ತರುವ ಹಾರ್ಫ್‌ಬಜ್ ಎಂಬ ವ್ಯವಸ್ಥೆಯನ್ನು ಬಳಸುತ್ತದೆ, ವಿಂಡೋಸ್‌ನ ಹಳೆಯ ಜೋಡಣೆಯನ್ನು ಅವಲಂಬಿಸುವುದಿಲ್ಲ. ಪಿಡಿಎಫ್ ಓದಲು ಸುಮಾತ್ರ 3.1.2, ವಿಡಿಯೋಗೆ ವಿಎಲ್‌ಸಿ 3.0, ಕಡತ ಬಿಚ್ಚಲು 7-ಜಿಪ್. ಇವು ಎಕ್ಸ್‌ಪಿಯಲ್ಲಿ ಈಗಲೂ ನಡೆಯುತ್ತವೆ. ಬ್ರೌಸರ್ ಬೇಕೇ ಬೇಕೆಂದರೆ ಫೈರ್‌ಫಾಕ್ಸ್ 52.9 ಕೊನೆಯದು, 2018ರದ್ದು. ಆದರೆ ಅದರಲ್ಲಿ ಬ್ಯಾಂಕಿನ ತಾಣ ತೆರೆಯುವುದಿಲ್ಲವೆಂದು ನನಗೆ ಮಾತು ಕೊಡಿ.

ನುಡಿ ಬಳಸುವವರಿಗೆ ಒಂದು ಎಚ್ಚರಿಕೆ. ಹಳೆಯ ನುಡಿ ಕಡತಗಳಲ್ಲಿ ಇರುವುದು ನಿಜವಾದ ಕನ್ನಡ ಸಂಕೇತವಲ್ಲ, ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡ ಅಕ್ಷರದ ತುಣುಕುಗಳು. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದ ಕಾರಣ ನಾವೆಲ್ಲ ಅದರಲ್ಲೇ ದಶಕಗಳ ಕೆಲಸ ಮಾಡಿದೆವು. ಬದಲಿಸುವಾಗ ಮೊದಲು ಕೈಕೊಡುವುದು ಅರ್ಕಾವತ್ತು. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ಕರಡು ತಿದ್ದುವಾಗ ಸೂರ್ಯ, ಧರ್ಮ, ಕಾರ್ಯದರ್ಶಿ ಇಂಥ ಪದಗಳನ್ನು ಹುಡುಕಿ ನೋಡಿ. ಸಂಘದ ಸಂಚಿಕೆಯಲ್ಲಿ ಕಾರ್ಯದರ್ಶಿಗಳಿಗೇನು ಬರವೇ!

ಕೋಥ್ರುಡ್ ಮೇಷ್ಟ್ರು:

ನಮ್ಮ ಪುಣೆಯ ಸರಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ (ಕಂಪ್ಯೂಟರಿನಲ್ಲಿ ಭಾರತೀಯ ಲಿಪಿ ತೋರಿಸುವ ಕಾರ್ಡ್) ಇದ್ದ ಕಾಲದಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಸಂಕೇತ ಎಂದು ಮಾಡಿದ್ದರಲ್ಲ? ಅದು ಉಳಿದಿದ್ದರೆ ಈ ಪಜೀತಿ ಇರುತ್ತಿರಲಿಲ್ಲ.

ಪುಣೆಯ ಕೋಡುಗಾರ:

ಇಸ್ಕಿ, 1991ರಲ್ಲಿ ಭಾರತೀಯ ಮಾನಕವಾಯಿತು. ಯೂನಿಕೋಡಿನಲ್ಲಿ ನಮ್ಮ ಲಿಪಿಗಳ ಜೋಡಣೆಗೆ ಅದರ ಹಿಂದಿನ ಕರಡೇ ತಳಹದಿ. ಆದರೆ ಮುದ್ರಣದವರಿಗೆ ಬೇಕಾಗಿದ್ದುದು ಪೇಜ್‌ಮೇಕರಿನಲ್ಲಿ ಅಂದವಾಗಿ ಕಾಣುವ ಅಕ್ಷರ. ಆದ್ದರಿಂದ ಪ್ರತಿ ತಂತ್ರಾಂಶದವರೂ ತಮ್ಮ ತಮ್ಮ ತುಣುಕುಗಳ ದಾರಿ ಹಿಡಿದರು. ಇದನ್ನು ಬೇರೆ ಎಳೆಯಲ್ಲಿ ಮಾತಾಡೋಣ ಮೇಷ್ಟ್ರೇ, ಇಲ್ಲಿ ಶುರುವಾದರೆ ಮುಗಿಯುವುದಿಲ್ಲ.

ಡೊಂಬಿವಲಿ ಪ್ರಯಾಣಿಕ:

ಇಷ್ಟು ಹೊತ್ತು ಯಾರೂ ಭದ್ರತೆಯ ಮಾತೇ ಎತ್ತಲಿಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ, 2017ರ ಮೇ ತಿಂಗಳ ವಾನಾಕ್ರೈ ಮರೆತಿರಾ? ಮರುತಿಂಗಳೇ ಇನ್ನೊಂದು ಬಂದು ನಮ್ಮ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲೇ ನಿಂತುಹೋಗಿತ್ತು. ಹಳೆಯದನ್ನು ಸರಿ ಮಾಡಿ ಕೊಟ್ಟು ನೀವು ಅಕ್ಕನವರನ್ನು ಗುಂಡಿಗೆ ತಳ್ಳುತ್ತಿದ್ದೀರಿ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ಇದು ಸರಿಯಾದ ಮಾತು. ವಾನಾಕ್ರೈಗೆ ಹೆಚ್ಚು ಬಲಿಯಾದದ್ದು ಎಕ್ಸ್‌ಪಿ ಎಂದು ಜನ ನಂಬಿದ್ದಾರೆ. ಅಲ್ಲ, ಪ್ಯಾಚ್ ಹಾಕದ ವಿಂಡೋಸ್ 7. ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿದವರು ಉಳಿದರು. ಕೆಬಿ 4012212 ಹಾಕಿ, ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ಎಸ್‌ಎಂಬಿ ಎಂಬ ವಿಧಾನದ ಒಂದನೆಯ ಆವೃತ್ತಿಯನ್ನು ನಿಲ್ಲಿಸಿ, ಬೇಕಿಲ್ಲದ ಕಡತ ಹಂಚಿಕೆ ಮುಚ್ಚಿ.

ಆದರೆ ನನ್ನ ನಿಲುವು ಇನ್ನೂ ಕಟ್ಟುನಿಟ್ಟು. ಹಳೆಯ ಯಂತ್ರಕ್ಕೆ ಒಂದೇ ಕೆಲಸ ಕೊಡಿ. ಅಕ್ಕನವರದ್ದಾದರೆ ಸ್ಕ್ಯಾನ್ ಮತ್ತು ಪೇಜ್‌ಮೇಕರ್. ಮಿಂಚಂಚೆ, ಬ್ಯಾಂಕು, ವಾಟ್ಸ್‌ಆ್ಯಪ್ ಎಲ್ಲವೂ ಮೊಬೈಲಿನಲ್ಲೋ ಇನ್ನೊಂದು ಲ್ಯಾಪ್‌ಟಾಪಿನಲ್ಲೋ ಇರಲಿ. ಅಪ್‌ಡೇಟ್‌ಗಳೆಲ್ಲ ಮುಗಿದ ಮೇಲೆ ಇಂಟರ್‌ನೆಟ್ ತಂತಿಯನ್ನು ಕಿತ್ತಿಡಿ. ಎಲ್ಲ ಸರಿಯಾದ ದಿನ ಇಡೀ ಹಾರ್ಡ್ ಡಿಸ್ಕಿನ ಪ್ರತಿಬಿಂಬವನ್ನು (ಯಥಾವತ್ ನಕಲನ್ನು) ಹೊರಗಿನ ಡಿಸ್ಕಿಗೆ ತೆಗೆದಿಡಿ. ಆ ಡಿಸ್ಕ್ ಕೈಕೊಟ್ಟ ದಿನ ಸರದಿಯನ್ನು ಮೊದಲಿಂದ ಹಿಡಿಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇಳಿಸಿಕೊಂಡ ಸೆಟಪ್ ಕಡತಗಳನ್ನೂ ಅಳಿಸಬೇಡಿ. ಎಸ್‌ಎಚ್‌ಎ-1 ಸಹಿಯಿದ್ದ ಹಳೆಯ ಕಡತಗಳನ್ನು ಮೈಕ್ರೋಸಾಫ್ಟ್ 2020ರ ಆಗಸ್ಟ್‌ನಲ್ಲಿ ತನ್ನ ಡೌನ್‌ಲೋಡ್ ತಾಣದಿಂದ ತೆಗೆದುಹಾಕಿತು. ಇವತ್ತು ಸಿಗುವುದು ನಾಳೆಯೂ ಸಿಗುತ್ತದೆ ಎಂದು ನಂಬುವಂತಿಲ್ಲ.

ಮತ್ತೆ, ಎಲ್ಲ ಅಪ್‌ಡೇಟ್ ಸೇರಿಸಿ ಮೊದಲೇ ಆಕ್ಟಿವೇಟ್ ಮಾಡಿದ ವಿಂಡೋಸ್ 7 ಎಂದು ಯಾರಾದರೂ ಡಿವಿಡಿ ಕೊಟ್ಟರೆ ತೆಗೆದುಕೊಳ್ಳಬೇಡಿ. ನಾನು ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳ ನಡುವಿನವನು, ಆ ಡಿವಿಡಿಗಳ ಹೊಟ್ಟೆಯಲ್ಲಿ ಏನೇನಿರುತ್ತದೆ ಎಂದು ನೋಡಿದ್ದೇನೆ.

ಮಾಟುಂಗದ ಪುಟಕಟ್ಟುವವಳು:

ಬ್ಯಾಟರಿ ಹಾಕಿಸಿದೆವು, ದಿನಾಂಕ ನಿಂತಿತು. ಸರ್ವಿಸ್ ಪ್ಯಾಕ್ ಹಾಕಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಉಳಿದವು ಬೇಗ ಆದವು. ಪಿಡಿಎಫ್ ತಂತ್ರಾಂಶ ಈಗ ತೆರೆಯುತ್ತದೆ. ಹುಡುಗ 3.8ರಲ್ಲಿ ಕಟ್ಟಿಕೊಟ್ಟಿದ್ದಾನೆ, ಅದೂ ಓಡಿತು. ಅರ್ಕಾವತ್ತು ನೀವು ಹೇಳಿದಂತೆಯೇ ಹಾಳಾಗಿತ್ತು, «ಕಾರ್ಯಾಧ್ಯಕ್ಷ» ಎಂಬುದನ್ನು ಓದಲು ನಮ್ಮಿಂದಾಗಲಿಲ್ಲ. ಸರಿಪಡಿಸುತ್ತಿದ್ದಾನೆ.

ಲಿಬ್ರೆಆಫೀಸ್ ನಮ್ಮ 7ಕ್ಕೆ ಯಾವುದು?

ಪುಣೆಯ ಕೋಡುಗಾರ:

25.8ರಿಂದ ವಿಂಡೋಸ್ 7 ಕೈಬಿಟ್ಟಿದ್ದಾರೆ. 25.2 ಶಾಖೆಯ ಕೊನೆಯ 32 ಬಿಟ್ ಆವೃತ್ತಿ ಹಾಕಿ. 2 ಜಿಬಿಯಲ್ಲಿ ತೆವಳಿದರೆ ಇನ್ನೂ ಹಿಂದಿನದು. ಹಳೆಯ ಆವೃತ್ತಿಗಳನ್ನೆಲ್ಲ ಅವರದೇ ಸಂಗ್ರಹದಲ್ಲಿ ಇಟ್ಟಿದ್ದಾರೆ, ಬೇರೆ ಕಡೆ ಹುಡುಕುವ ಅಗತ್ಯವಿಲ್ಲ.

ವಾಸ್ಕೋ ವರ್ಕ್‌ಶಾಪ್:

ಗೋವಾದಿಂದ ಒಂದು ಪ್ರಶ್ನೆ. ನಮ್ಮ ವರ್ಕ್‌ಶಾಪಿನಲ್ಲಿ ಅಳತೆಯ ಉಪಕರಣವೊಂದಿದೆ, ಅದರ ತಂತ್ರಾಂಶ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತದೆ. ಉಪ್ಪುಗಾಳಿಗೆ ಕಂಪ್ಯೂಟರಿನ ಒಳಗೆಲ್ಲ ತುಕ್ಕು. ಯಂತ್ರ ಸಾಯುವ ಮೊದಲು ಅದನ್ನು ಹಾಗೆಯೇ ಬೇರೆ ಕಡೆಗೆ ಎತ್ತಿ ಇಡಬಹುದೇ?

ಪುಣೆಯ ಕೋಡುಗಾರ:

ಇಡಬಹುದು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ಡಿಸ್ಕ್2ವಿಎಚ್‌ಡಿ ಎಂಬ ಸಣ್ಣ ಸಾಧನ ಇದೆ. ನಡೆಯುತ್ತಿರುವ ಯಂತ್ರದ ಡಿಸ್ಕನ್ನೇ ಒಂದು ಕಡತವಾಗಿ ಮಾಡಿಕೊಡುತ್ತದೆ. ಎಕ್ಸ್‌ಪಿಯಲ್ಲಿ ಓಡುವ ಅದರ ಹಳೆಯ ಆವೃತ್ತಿಯನ್ನೇ ಹುಡುಕಿಕೊಳ್ಳಿ. ಆ ಕಡತವನ್ನು ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ತೆರೆಯಿರಿ. ಅದರಲ್ಲಿ ಡಿಸ್ಕನ್ನು ಹೊಸ ಬಗೆಯ ಸಾಟಾ ನಿಯಂತ್ರಕದ ಬದಲು ಹಳೆಯ ಐಡಿಇ ನಿಯಂತ್ರಕಕ್ಕೆ ಜೋಡಿಸಿ, ಇಲ್ಲದಿದ್ದರೆ ನೀಲಿ ಪರದೆ ಗ್ಯಾರಂಟಿ. ಯಂತ್ರಾಂಶ ಬದಲಾಗಿದೆ ಎಂದು ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಪರವಾನಗಿಯಾದರೆ ಅದು ಆ ಪೆಟ್ಟಿಗೆಗೆ ಕಟ್ಟಿದ್ದು ಎಂಬುದನ್ನೂ ನೆನಪಿಡಿ.

ಉಪಕರಣ ಯಾವ ಕಿಂಡಿಗೆ ಜೋಡಿಸಿದೆ ಎಂಬುದರ ಮೇಲೆ ಉಳಿದದ್ದು ನಿಂತಿದೆ. ಯುಎಸ್‌ಬಿ ಅಥವಾ ಸೀರಿಯಲ್ ಆದರೆ ಒಳಗೆ ದಾಟಿಸಬಹುದು. ಪಿಸಿಐ ಕಾರ್ಡ್ ಆಗಿದ್ದರೆ ಈ ದಾರಿ ಮುಚ್ಚಿತು, ಅದೇ ಕಾಲದ ಇನ್ನೊಂದು ಮದರ್‌ಬೋರ್ಡ್ ಹುಡುಕಿಡಿ.

ವಾಸ್ಕೋ ವರ್ಕ್‌ಶಾಪ್:

ಸೀರಿಯಲ್. ಬದುಕಿದೆ.

ಮುಲುಂಡ್ ಹೋಟೆಲ್:

ಎಲ್ಲರೂ ಕೇಳುತ್ತಿದ್ದೀರಿ, ನನ್ನದೂ ಒಂದು. ಗಲ್ಲೆಯ ಕಂಪ್ಯೂಟರಿನಲ್ಲಿ ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಮ್ ಇದೆ, ಫಾಕ್ಸ್‌ಪ್ರೋ ಎಂಬ ಹಳೆಯ ಭಾಷೆಯಲ್ಲಿ ಬರೆದದ್ದು. 2017ರಲ್ಲಿ ಜಿಎಸ್‌ಟಿ ಬಂದಾಗ ಬರೆದವರೇ ಒಂದು ಕಾಲಮ್ ಸೇರಿಸಿಕೊಟ್ಟರು. ಹುಡುಗರಿಗೆ ಅದರ ಕೀಲಿಗಳು ಬೆರಳ ತುದಿಯಲ್ಲಿವೆ, ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಮೌಸ್ ಹಿಡಿದು ಬಿಲ್ ಮಾಡುವವರು ಯಾರು? ಈಗ ಹಳೆಯ ಕಂಪ್ಯೂಟರ್ ಸುಟ್ಟಿದೆ. ಅಂಗಡಿಯವನು ವಿಂಡೋಸ್ 7 64 ಬಿಟ್ ಇರುವ ಸೆಕೆಂಡ್ ಹ್ಯಾಂಡ್ ಕೊಟ್ಟಿದ್ದಾನೆ. ಪ್ರೋಗ್ರಾಮ್ ತೆರೆಯುವುದೇ ಇಲ್ಲ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ತೆರೆಯುವುದಿಲ್ಲ ಶೆಟ್ಟರೇ. 16 ಬಿಟ್‌ನ ಡಾಸ್ ಪ್ರೋಗ್ರಾಮ್‌ಗಳನ್ನು ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗ 64 ಬಿಟ್ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಅಂಗಡಿಗೆ ವಾಪಸ್ ಹೋಗಿ 32 ಬಿಟ್ ಹಾಕಿಸಿ. ವಿಂಡೋಸ್ 7ರ ಕೀಲಿಸಂಖ್ಯೆ ಒಂದೇ ಬಗೆಯ ಆವೃತ್ತಿಗೆ ಎರಡರಲ್ಲೂ ನಡೆಯುತ್ತದೆ. 4 ಜಿಬಿಗಿಂತ ಹೆಚ್ಚು ಮೆಮೊರಿ 32 ಬಿಟ್‌ಗೆ ಕಾಣುವುದಿಲ್ಲ, ನಿಮ್ಮ ಬಿಲ್ಲಿಗೆ ಅಷ್ಟು ಬೇಕಾಗಿಯೂ ಇಲ್ಲ.

ಮುಲುಂಡ್ ಹೋಟೆಲ್:

ಪ್ರಿಂಟರ್ ಈಗ ಯುಎಸ್‌ಬಿಯದ್ದು. ಪ್ರೋಗ್ರಾಮ್ ಹಳೆಯ ದಪ್ಪ ಕೇಬಲ್ಲಿನ ಎಲ್‌ಪಿಟಿ1 ಬಿಟ್ಟು ಬೇರೆ ಕಡೆ ಬಿಲ್ ಕಳಿಸುವುದಿಲ್ಲ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ಅದಕ್ಕೂ ದಾರಿ ಇದೆ. ಪ್ರಿಂಟರನ್ನು «ಜೆನರಿಕ್ ಟೆಕ್ಸ್ಟ್ ಓನ್ಲಿ» ಡ್ರೈವರ್‌ನಲ್ಲಿ ಹಾಕಿ, ಅದಕ್ಕೊಂದು ಚಿಕ್ಕ ಹೆಸರಿಟ್ಟು ಶೇರ್ ಮಾಡಿ. ಹೆಸರಿನಲ್ಲಿ ಖಾಲಿ ಜಾಗ ಬೇಡ. ಆಮೇಲೆ ಕಮ್ಯಾಂಡ್ ಕಿಟಕಿಯಲ್ಲಿ «ನೆಟ್ ಯೂಸ್» ಆದೇಶ ಕೊಟ್ಟು ಎಲ್‌ಪಿಟಿ1 ಅನ್ನು ಆ ಶೇರ್ ಹೆಸರಿಗೆ ಕಟ್ಟಬೇಕು, ಕೊನೆಯಲ್ಲಿ ಪರ್ಸಿಸ್ಟೆಂಟ್ ಎಂಬ ಆಯ್ಕೆಗೆ ಯೆಸ್ ಕೊಡಬೇಕು. ಇಲ್ಲವಾದರೆ ರೀಸ್ಟಾರ್ಟ್ ಮಾಡಿದಾಗ ಮರೆತುಬಿಡುತ್ತದೆ. ಮದರ್‌ಬೋರ್ಡಿನಲ್ಲೇ ಎಲ್‌ಪಿಟಿ ಕಿಂಡಿ ಇದ್ದರೆ ಅದನ್ನು ಬಯಾಸ್‌ನಲ್ಲಿ ಮುಚ್ಚಿ, ಎರಡೂ ಒಂದೇ ಹೆಸರಿಗೆ ಜಗಳವಾಡುತ್ತವೆ. ಮತ್ತು ಈ ಶೇರ್ ನಡೆಯಬೇಕಾದರೆ ಕಂಪ್ಯೂಟರಿಗೆ ಯಾವುದಾದರೊಂದು ನೆಟ್‌ವರ್ಕ್ ಜೋಡಣೆ ಜೀವಂತ ಇರಬೇಕು. ತಂತಿ ಕಿತ್ತಾಗ ಪ್ರಿಂಟ್ ನಿಂತರೆ ತಂತಿಯಿಲ್ಲದೆಯೂ ನೆಟ್‌ವರ್ಕ್ ಇದೆ ಎಂದು ತೋರಿಸುವ ಮೈಕ್ರೋಸಾಫ್ಟ್ ಲೂಪ್‌ಬ್ಯಾಕ್ ಅಡಾಪ್ಟರ್ ಸೇರಿಸಿ.

ಮುಲುಂಡ್ ಹೋಟೆಲ್:

ಬಿಲ್ ಬಂತು. ಕಾಗದ ಮಾತ್ರ ಪ್ರತಿ ಬಿಲ್ಲಿಗೂ ಒಂದು ಮೊಳ ಖಾಲಿ ಓಡುತ್ತಿದೆ.

ಲ್ಯಾಮಿಂಗ್ಟನ್ ರಸ್ತೆಯ ಹಳಬ:

ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಕಾಗದದ ಅಳತೆ ಎ4 ಎಂದಿರುತ್ತದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ಗೆ ಹೋಗಿ ನಿಮ್ಮ ಬಿಲ್ಲಿನ ಉದ್ದಕ್ಕೆ ಹೊಸ ಅಳತೆ ಬರೆದು, ಅದನ್ನು ಆರಿಸಿ. ಆಗಲೂ ಓಡಿದರೆ ಪ್ರೋಗ್ರಾಮ್ ಪ್ರತಿ ಬಿಲ್ಲಿನ ಕೊನೆಗೆ ಪುಟ ಮುಗಿಯಿತು ಎಂಬ ಸಂಕೇತ ಕಳಿಸುತ್ತಿದೆ, ಅದನ್ನು ಬರೆದವರನ್ನೇ ಹಿಡಿಯಬೇಕು.